ಒಂದು ತಲೆ ಕಡಿಮೆ

"ಟೀಚರ್ ಆಗೋದಕ್ಕೆ ಮೂರು ಬಾಗಿಲಿದೆ ಅಮ್ಮಾ. ಅದ್ರಲ್ಲಿ ಎರಡು ನಿಮಗೆ ಮುಚ್ಚಿವೆ," ಎಂದು ತರಬೇತಿ ಕಾಲೇಜಿನ ಗುಮಾಸ್ತ ಕಿಟಕಿಯ ಆಚೆಯಿಂದ ಹೇಳಿದ. ಈಚೆ ನಿಂತಿದ್ದವಳು ಬಸ್ ಕಂಡಕ್ಟರ್. ಎರಡು ಟ್ರಿಪ್ಪಿನ ನಡುವೆ ಬಿಡುವು ಮಾಡಿಕೊಂಡು ಖಾಕಿ ಬಟ್ಟೆಯಲ್ಲೇ ಬಂದಿದ್ದಳು.

ಹೈಸ್ಕೂಲು ಮುಗಿಸಿದ ಕೂಡಲೇ, ಒಳ್ಳೆಯ ಅಂಕವಿದ್ದರೆ, ಎರಡು ವರ್ಷದ ತರಬೇತಿಗೆ ಸೇರಬಹುದು. ಅದು ಮೀಸೆ ಚಿಗುರುವ ವಯಸ್ಸಿನವರಿಗೆ. ಡಿಗ್ರಿ ಮಾಡಿದವರಿಗೆ ಇನ್ನೊಂದು ದಾರಿ. ಮೂರನೆಯದು ದುಡಿಯುವವರದ್ದು. ಎಲ್ಲೋ ಕೆಲಸ ಮಾಡಿಕೊಂಡು, ರಾತ್ರಿ ಶಾಲೆಯಲ್ಲಾದರೂ ಸರಿ, ಹೈಸ್ಕೂಲು ಪಾಸಾದವರು ಮೂವತ್ತೈದು ತುಂಬುವುದರೊಳಗೆ ಬರಬಹುದು. ಆದರೆ ಅವರು ಮೊದಲು ನಿಜವಾದ ಮಕ್ಕಳ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಬೇಕು.

"ನಿಮಗೆ ಬರೋ ವರ್ಷ ವಯಸ್ಸು ಮೀರುತ್ತೆ. ಈ ಸಲ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ."

"ಪಾಠ ಕೆಟ್ಟೋದ್ರೆ?"

"ಅಂಕ ಕಮ್ಮಿ ಆಗುತ್ತೆ, ಅಷ್ಟೆ. ಆದ್ರೆ ಗಂಟೆ ಹೊಡೆಯೋ ಮುಂಚೆ ಕೋಣೆ ಬಿಟ್ಟು ಆಚೆ ಬಂದ್ರೋ, ಮುಗೀತು. ಕೈಚೆಲ್ಲಿದ್ರಿ ಅಂತ ಲೆಕ್ಕ."

"ಹಾಗೆ ಯಾರಾದ್ರೂ ಬರ್ತಾರಾ?"

"ಹೋದ ವರ್ಷ ಒಬ್ರು ಚಪ್ಪಲೀನೂ ಬಿಟ್ಟು ಓಡಿದ್ರು. ಇಲ್ಲೇ ಇದೆ, ನಿಮ್ಮ ಕಾಲಿಗೆ ಆಗುತ್ತಾ ನೋಡಿ."

ಅವಳು ನಗಲು ಹೋದಳು. ನಗು ಬರಲಿಲ್ಲ. ಅರ್ಜಿಗೆ ಕೈ ಚಾಚಿದಳು.

ಅವಳ ಬಸ್ಸಿನ ಡ್ರೈವರಿಗೆ ಇದೊಂದು ತಮಾಷೆ. "ಬಸ್ ತುಂಬ ಜನರ ಮೇಲೆ ಕೂಗಾಡ್ತೀಯ, ಚಿಳ್ಳೆಪಿಳ್ಳೆಗಳಿಗೆ ಹೆದರ್ತೀಯಲ್ಲ ತಂಗಿ!"

"ಬಸ್ಸಲ್ಲಿರೋರು ಇಳಿದು ಹೋಗ್ತಾರಣ್ಣ," ಎಂದಳು ಅವಳು. ಅವನಿಗೆ ಅದು ಅರ್ಥವಾದಂತೆ ಕಾಣಲಿಲ್ಲ.

ಆದರೆ ಹೆದರಿಕೆ ಎಲ್ಲಿಂದ ಬಂತೆಂಬುದು ಅವನಿಗೂ ಗೊತ್ತಿತ್ತು. ಆ ಡಿಪೋದಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ಟ್ರಿಪ್ಪು ಮುಗಿದ ಮೇಲೆ ಕಂಡಕ್ಟರ್ ಹಿಂದಿನ ಸೀಟಿನವರೆಗೂ ನಡೆದು, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿ, ಹಿಂದಿನ ಗಾಜಿಗೆ ಅಂಗೈಯಿಂದ ಎರಡು ಸಲ ಬಡಿಯಬೇಕು. ಆ ಸದ್ದು ಕೇಳುವ ತನಕ ಡ್ರೈವರ್ ಇಂಜಿನ್ ಆರಿಸುವಂತಿಲ್ಲ. ಮುಂಚೆ ಹೀಗಿರಲಿಲ್ಲ. ಅವಳು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಬೇಸಿಗೆಯಲ್ಲಿ, ಬೆಳಗ್ಗೆಯಿಂದ ಬಿಸಿಲಲ್ಲಿ ಬೀಗ ಹಾಕಿ ನಿಲ್ಲಿಸಿದ್ದ ಬಸ್ಸನ್ನು ಮಧ್ಯಾಹ್ನ ತೆರೆದವಳು ಅವಳೇ. ಹಿಂದಿನ ಸೀಟಿನ ಕೆಳಗೆ ಒಂದು ಮಗು ಮುದುಡಿಕೊಂಡಿತ್ತು. ಉಸಿರಿತ್ತು, ಬದುಕಿತು. ಆದರೆ ಎತ್ತಿಕೊಂಡಾಗ ಅದು ಅಳಲಿಲ್ಲ, ಅವಳ ಮುಖವನ್ನೇ ನೋಡಿತು. ಅಂದಿನಿಂದ ಎಲ್ಲಿ ಜನ ಕೂಡಿದರೂ ಅವಳ ಕಣ್ಣು ತಾನಾಗಿ ತಲೆ ಎಣಿಸುತ್ತದೆ. ಮದುವೆ ಮನೆಯಲ್ಲೂ, ಆಸ್ಪತ್ರೆಯ ಸಾಲಿನಲ್ಲೂ.

ಪಾಠದ ದಿನ ಬೆಳಗ್ಗೆ ಅಮ್ಮ ಸಮಾಧಾನ ಹೇಳಿದಳು. "ಆಗದಿದ್ರೆ ಬಿಡೇ. ಬಸ್ಸೇನು ಓಡಿಹೋಗುತ್ತಾ?"

"ಓಡೋದೇ ಅಲ್ವೇನಮ್ಮ ಅದರ ಕೆಲಸ," ಎಂದು ಹೇಳಿ ಹೊರಟಳು.

ಶಾಲೆಯ ಕೋಣೆಗೆ ಎರಡು ಬಾಗಿಲು. ಒಂದು ಜಗಲಿಗೆ, ಇನ್ನೊಂದು ಪಕ್ಕದ ಕೋಣೆಗೆ. ಕಿಟಕಿಯಾಚೆ ಕಟ್ಟಡದ ಕೆಲಸ ನಡೆಯುತ್ತಿತ್ತು. ನೀರಿನ ತೊಟ್ಟಿಗೆಂದು ಗುಂಡಿ ತೋಡಿ, ಮೇಲೆ ಹಲಗೆ ಹಾಸಿದ್ದರು. ಹಿಂದಿನ ಬೆಂಚಿನಲ್ಲಿ ದಪ್ಪ ಕನ್ನಡಕದ ಪರೀಕ್ಷಕಿ ಕುಳಿತಿದ್ದರು. ಮುಖದಲ್ಲಿ ಸಿಟ್ಟೂ ಇಲ್ಲ, ನಗೆಯೂ ಇಲ್ಲ. ಕ್ಲಾಸ್ ಟೀಚರ್ ಇರಕೂಡದೆಂಬುದು ನಿಯಮ.

ಆಟದ ಬಯಲಿಂದ ಮಕ್ಕಳು ಸಾಲಾಗಿ ಬಂದರು. ಕಂಡಕ್ಟರ್ ಬಾಗಿಲ ಬಳಿ ನಿಂತು, ಬಸ್ಸಿನ ಮೆಟ್ಟಿಲ ಬಳಿ ಮಾಡುವಂತೆಯೇ, ಗದ್ದ ಅಲುಗಿಸುತ್ತಾ ತಲೆ ಎಣಿಸಿದಳು. ಯಾರೂ ಎಣಿಸೆಂದು ಹೇಳಿರಲಿಲ್ಲ. ಬಾಯಿಂದಲೂ ತಾನಾಗಿ ಬಂತು: "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ!"

ಮಕ್ಕಳು ಕಿಸಕ್ಕನೆ ನಕ್ಕವು. ಪರೀಕ್ಷಕಿ ಏನೋ ಬರೆದುಕೊಂಡರು. ಅವಳ ಕಿವಿ ಬಿಸಿಯಾಯಿತು.

ಪಾಠ ದಿಕ್ಕುಗಳದ್ದು. ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಮೆತ್ತಗಾಯಿತು. ಬೋರ್ಡಿನ ಮೇಲೆ ಒಂದು ರಸ್ತೆ ಬರೆದು, "ಈ ಬಸ್ಸು ಸೂರ್ಯನ ಕಡೆ ಹೊರಟಿದೆ, ನಾನು ಎಡಗಡೆ ಕಿಟಕೀಲಿ ಕೂತಿದ್ದೀನಿ, ನನಗೆ ಯಾವ ದಿಕ್ಕು ಕಾಣುತ್ತೆ?" ಎಂದು ಕೇಳಿದಳು. ಕೈಗಳು ಎದ್ದವು. ಒಬ್ಬ ಹುಡುಗಿ, "ಯಾವ ಹೊತ್ತಿನ ಸೂರ್ಯ ಮಿಸ್?" ಎಂದಳು. ಅರೆ, ಹೌದಲ್ಲ! ಎಂದುಕೊಂಡು ಅವಳು ಮೊದಲ ಸಲ ನೆಟ್ಟಗೆ ಉಸಿರಾಡಿದಳು. ಆಗಬಹುದು, ಇದು ನನ್ನಿಂದ ಆಗಬಹುದು ಅನ್ನಿಸಿತು.

ಆಗಲೇ ಕಣ್ಣು ಎಣಿಸಿತು. ಒಂದು ತಲೆ ಕಡಿಮೆ.

ಮತ್ತೆ ಎಣಿಸಿದಳು, ಈ ಸಲ ಹಿಂದಿನ ಬೆಂಚಿನಿಂದ ಮುಂದಕ್ಕೆ. ಒಂದು ಕಡಿಮೆಯೇ. ಬೆಂಚುಗಳ ಕೆಳಗೆ ಬಗ್ಗಿ ನೋಡಿದಳು. ಕಾಲುಗಳಿದ್ದವು, ಬಿದ್ದ ಪೆನ್ಸಿಲ್ಲಿತ್ತು, ಮಗುವಿರಲಿಲ್ಲ.

"ಮಕ್ಕಳೇ, ಯಾರು ಆಚೆ ಹೋದ್ರು?"

"ಯಾರೂ ಹೋಗಿಲ್ಲ ಮಿಸ್. ಎಲ್ಲಾರೂ ಇದ್ದೀವಿ."

"ಇಲ್ಲ, ಒಬ್ಬರು ಕಮ್ಮಿ ಇದ್ದೀರ."

"ಯಾರು ಮಿಸ್?"

ಅವಳ ಬಳಿ ಇದ್ದದ್ದು ಬರೀ ಲೆಕ್ಕ. ಹುಡುಗನೋ ಹುಡುಗಿಯೋ, ಕಪ್ಪೋ ಬಿಳುಪೋ, ಒಂದೂ ನೆನಪಿಲ್ಲ. ಪರೀಕ್ಷಕಿ ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದರು. ಕಿಟಕಿಯಾಚೆ ಹಲಗೆಯೊಂದು ಓರೆಯಾಗಿ ಸರಿದು ಬಿದ್ದಿತ್ತು. ಒಳಗೆ ಬರುವಾಗ ಅದು ಹಾಗಿತ್ತೇ? ಇರಲಿಲ್ಲ ಅನ್ನಿಸಿತು. ಇತ್ತೇನೋ ಎಂದೂ ಅನ್ನಿಸಿತು.

ಬಾಗಿಲ ಚಿಲಕ ಹಿಡಿದಾಗ ಗುಮಾಸ್ತನ ಮಾತು ಕಿವಿಯಲ್ಲಿತ್ತು. ಗಂಟೆ ಹೊಡೆಯೋ ಮುಂಚೆ ಆಚೆ ಬಂದ್ರೋ, ಮುಗೀತು. ಬೆನ್ನ ಹಿಂದೆ ಮಕ್ಕಳು ಗುಸುಗುಸು ಅನ್ನುತ್ತಿದ್ದವು.

"ಹೋಲ್ಡಾನ್!" ಎಂದು, ಬಸ್ಸು ನಿಲ್ಲಿಸುವ ಹಾಗೆ ಕೂಗಿ ಅವಳು ಹೊರಗೆ ಓಡಿದಳು.

ಜಗಲಿ ಖಾಲಿ. ನೀರಿನ ನಲ್ಲಿಯ ಹತ್ತಿರ ಯಾರೂ ಇಲ್ಲ. ಪಾಯಿಖಾನೆಯ ಬಾಗಿಲುಗಳನ್ನು ಒಂದೊಂದಾಗಿ ತಳ್ಳಿದಳು. ಕೂಗೋಣವೆಂದರೆ ಏನೆಂದು ಕೂಗುವುದು? "ಮಗೂ! ಮಗೂ!" ಎಂದಳು. ಯಾವ ಮಗು ತಾನೇ ಅದಕ್ಕೆ ಓಗೊಡುತ್ತದೆ?

ಗುಂಡಿಯ ಅಂಚಿಗೆ ಬಂದಳು. ಕೆಳಗೆ ಕೆಸರು ನೀರು, ಅಲುಗದೆ, ಮುಚ್ಚಿದ ಕಣ್ಣಿನ ಹಾಗೆ. ಗಾರೆಯವನು ಕರಣೆ ಹಿಡಿದುಕೊಂಡೇ ಎದ್ದು ಬಂದ. "ಏನು ಬಿತ್ತಮ್ಮಾ?"

"ಇಲ್ಲಿಗೆ ಮಗು ಬಂತಾ?"

"ನಾ ಕಾಣಲಿಲ್ಲ. ಸಿಮೆಂಟು ಕಲಸ್ತಾ ಆ ಕಡೆ ತಿರುಗಿದ್ದೆ."

ಅವಳು ಅಲ್ಲೇ ಬಿದ್ದಿದ್ದ ಬಿದಿರು ಗಳ ಎತ್ತಿಕೊಂಡು ನೀರಿಗೆ ಇಳಿಬಿಟ್ಟಳು. ಗಳದ ತುದಿಗೆ ಏನೋ ಮೆತ್ತಗೆ ತಾಕಿತು. ಆ ಕ್ಷಣ ಅವಳಿಗೆ ಕಾಣಿಸಿದ್ದು ಕೆಸರಲ್ಲ, ಬಸ್ಸಿನ ಸೀಟಿನ ಕೆಳಗಿಂದ ನೋಡಿದ ಆ ಎರಡು ಕಣ್ಣು. ಗಾರೆಯವನು ಗಳ ಎತ್ತಿದ. ಸಿಮೆಂಟಿನ ಖಾಲಿ ಚೀಲ.

"ಮಿಸ್!"

ಹಿಂದೆ ನಿಂತಿದ್ದಳು, ಸೂರ್ಯನ ಪ್ರಶ್ನೆ ಕೇಳಿದ ಹುಡುಗಿ. ಓಡಿಬಂದು ಏದುಸಿರು ಬಿಡುತ್ತಿದ್ದಳು. "ಮಿಸ್, ನೀವು ನನ್ನ ತಮ್ಮನ್ನೂ ಎಣಿಸಿಬಿಟ್ರಂತೆ!"

"ಯಾವ ತಮ್ಮ?"

"ದಿನಾ ಕೈಹಿಡಿದು ಕರ್ಕೊಂಡು ಬರ್ತೀನಲ್ಲ, ಅವನು. ಆಟ ಮುಗಿದ್ಮೇಲೆ ಈ ಬಾಗಿಲಲ್ಲಿ ಬಂದು, ಆ ಬಾಗಿಲಲ್ಲಿ ಅವನ ಕ್ಲಾಸಿಗೆ ಬಿಡ್ತೀನಿ. ಕನ್ನಡಕದ ಮೇಡಂ ನಮ್ಮನ್ನೆಲ್ಲ ಕೇಳಿದ್ರು, ಒಳಗೆ ಬರುವಾಗ ಜೊತೇಲಿ ಬೇರೆ ಯಾರಾದ್ರೂ ಬಂದ್ರಾ ಅಂತ. ಆಗ ನಾನು ಹೇಳ್ದೆ."

ಕಂಡಕ್ಟರ್ ಪಕ್ಕದ ಕೋಣೆಯ ಕಿಟಕಿಯಲ್ಲಿ ಬಗ್ಗಿ ನೋಡಿದಳು. ಮಂಡಿಗೆ ಬ್ಯಾಂಡೇಜು ಕಟ್ಟಿದ ಪುಟ್ಟವನೊಬ್ಬ ನೆಲದ ಮೇಲೆ ಕೂತು ಸ್ಲೇಟು ನೆಕ್ಕುತ್ತಿದ್ದ. ಅವಳಿಗೆ ಅವನನ್ನು ಅಲ್ಲೇ ಎತ್ತಿಕೊಂಡು ಅಳಬೇಕೆನ್ನಿಸಿತು. ಜೊತೆಗೇ ಗೊತ್ತಾಯಿತು, ಎಲ್ಲ ಮುಗಿಯಿತೆಂದು. ಯಾರೂ ಕಳೆದುಹೋಗಿರಲಿಲ್ಲ. ಅವಳೇ ಹೊರಗಿದ್ದಳು.

ಆದರೂ ಒಳಗೆ ಹೋದಳು. ಗಂಟೆ ಇನ್ನೂ ಹೊಡೆದಿರಲಿಲ್ಲ, ಮಕ್ಕಳು ಅವಳತ್ತಲೇ ನೋಡುತ್ತಿದ್ದರು. "ದಿಕ್ಕು ಆಮೇಲೆ," ಎಂದಳು. "ಮೊದಲು ನಿಮ್ಮ ಹೆಸರು ಹೇಳಿ." ಒಬ್ಬೊಬ್ಬರೇ ಎದ್ದು ಹೇಳಿದರು. ಒಬ್ಬ ಮನೆಯಲ್ಲಿ ಕರೆಯುವ ಹೆಸರನ್ನೂ ಸೇರಿಸಿ ಹೇಳಿ ನಗೆಪಾಟಲಾದ. ಅವಳು ಪ್ರತಿ ಮುಖವನ್ನೂ ನೋಡಿ, ಆ ಹೆಸರನ್ನು ಒಂದು ಸಲ ತಾನೂ ಹೇಳಿದಳು.

ಮಧ್ಯಾಹ್ನ ತರಬೇತಿ ಕಾಲೇಜಿನಲ್ಲಿ ಅವಳನ್ನು ಮೂವರ ಮುಂದೆ ಕೂರಿಸಿದರು. ಪ್ರಾಂಶುಪಾಲರು, ಒಬ್ಬ ಅಧ್ಯಾಪಕರು, ಆ ಪರೀಕ್ಷಕಿ.

"ಕೈಚೆಲ್ಲಿ ಹೋದವರು ವಾಪಸ್ ಬರಲ್ಲ," ಎಂದರು ಪ್ರಾಂಶುಪಾಲರು. "ಇವರು ಬಂದಿದ್ದಾರೆ. ನಿಯಮ ಮಾಡಿದ್ದು ಓಡಿಹೋಗೋರಿಗೆ."

ಪರೀಕ್ಷಕಿ ಕನ್ನಡಕ ತೆಗೆದರು. "ಇಲ್ಲದ ಮಗು ಹುಡುಕೋಕೆ ಇದ್ದ ಮಕ್ಕಳನ್ನೆಲ್ಲ ಬಿಟ್ಟು ಹೋದ್ರಿ. ನಾನು ಅಲ್ಲಿ ಇಲ್ಲದೇ ಇದ್ದಿದ್ರೆ ಆ ಕೋಣೇಲಿ ಯಾರಿರ್ತಿದ್ರು?"

ಅವಳಿಗೆ ಅದು ಹೊಳೆದೇ ಇರಲಿಲ್ಲ. ಈಗ ಹೊಳೆಯಿತು. "ಯಾರೂ ಇರ್ತಿರಲಿಲ್ಲ ಮೇಡಂ."

"ಇನ್ನೊಂದು ಸಲ ಹೀಗಾದ್ರೆ?"

"ಮೊದಲು ಹೆಸರು ಕರೀತೀನಿ. ಪಕ್ಕದ ಕ್ಲಾಸಿನವರನ್ನ ಕರೆದು ನಿಲ್ಲಿಸ್ತೀನಿ." ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯದೆಂದು ಗೊತ್ತಿತ್ತು. "ಆಮೇಲೂ ಕಮ್ಮಿ ಇದ್ರೆ, ಹೋಗ್ತೀನಿ ಮೇಡಂ."

ಹೊರಗೆ ಕೂರಲು ಹೇಳಿದರು. ಒಳಗೆ ದನಿಗಳು ಏರಿದವು, ಇಳಿದವು. ಕೊನೆಗೆ ಪರೀಕ್ಷಕಿಯೇ ಬಂದು ಬಾಗಿಲಲ್ಲಿ ನಿಂತರು. "ತರಬೇತಿ ಮುಂದಿನ ತಿಂಗಳು ಶುರು. ಡಿಪೋದಲ್ಲಿ ಹೇಳಿಬಿಡಿ," ಎಂದರು. ಆಗಲೂ ನಗಲಿಲ್ಲ.

ಆ ಸಂಜೆ ಬಸ್ಸು ಡಿಪೋ ಸೇರಿದಾಗ ಡ್ರೈವರ್ ತಿರುಗಿ ನೋಡಿದ. "ಸಿಕ್ತು ಅಂತೀಯ, ಮುಖ ಯಾಕೆ ತಂಗಿ ಹಾಗಿದೆ?"

"ಹೆದರಿಕೆ ಅಣ್ಣ."

"ಇನ್ನೇನು ಹೆದರಿಕೆ?"

ಹೇಗೆ ಹೇಳುವುದು? ಎಣಿಸಿದ ತಲೆಗಳನ್ನು ಅವಳು ದಿನವೂ ಡಿಪೋದಲ್ಲೇ ಬಿಟ್ಟು ಹೋಗುತ್ತಿದ್ದಳು. ಬೆಳಗ್ಗೆ ಕೇಳಿದ ಹೆಸರುಗಳು ಮಾತ್ರ ಬಸ್ಸಿಂದ ಇಳಿಯಲಿಲ್ಲ. ಆ ಪುಟ್ಟವನು ಸ್ಲೇಟು ನೆಕ್ಕುವುದನ್ನು ಯಾರಾದರೂ ಬಿಡಿಸಿದರೋ ಇಲ್ಲವೋ. ಆ ಹಲಗೆಯನ್ನು ಸರಿಯಾಗಿ ಮುಚ್ಚಿದರೋ ಇಲ್ಲವೋ. ನಾಳೆ ಬೆಳಗ್ಗೆ ಮೊದಲ ಟ್ರಿಪ್ಪಿಗೂ ಮುಂಚೆ ಹೋಗಿ ನೋಡಿ ಬರಬೇಕು.

ಅವಳು ಸೀಟುಗಳ ಕೆಳಗೆ ಬಗ್ಗಿ ನೋಡುತ್ತಾ ಹಿಂದಕ್ಕೆ ನಡೆದಳು. ಗಾಜಿಗೆ ಕೈಯೆತ್ತಿದವಳು ಇಳಿಸಿದಳು. ಇನ್ನೊಂದು ಸಲ ಮೊದಲಿಂದ ನೋಡಿಕೊಂಡು ಬಂದಳು. ಡ್ರೈವರ್ ಇಂಜಿನ್ ಆರಿಸದೆ, ಸದ್ದಿಗಾಗಿ ಕಾಯುತ್ತಾ ಕೂತ.