ತಲೆಯ ಅಳತೆ

ದೇಶದ ಸರ್ಕಾರಿ ವೃತ್ತಿ ತರಬೇತಿ ಕೇಂದ್ರಗಳಿಗೆಲ್ಲ ಶಿಕ್ಷಕರನ್ನು ಹಂಚುವುದು ಆ ಅಧಿಕಾರಿಯ ಕೆಲಸ. ಕತ್ತರಿ ಹಿಡಿಯುವವರೆಲ್ಲ ಒಂದೇ ಎಂದುಕೊಂಡು ಅವರು ಒಬ್ಬ ದರ್ಜಿ ಮೇಷ್ಟ್ರನ್ನು ಕ್ಷೌರದ ತರಗತಿಗೆ ಕಳಿಸಿಬಿಟ್ಟಿದ್ದರು. ತಪಾಸಣೆಗೆ ಹೋದಾಗ ಅದು ಅವರಿಗೆ ಗೊತ್ತಾಯಿತು. ಅಷ್ಟರಲ್ಲಿ ವಿದ್ಯಾರ್ಥಿನಿಯೊಬ್ಬಳು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಟೇಪು ಹಿಡಿದು ತಲೆಯ ಅಳತೆ ತೆಗೆದು, ಕತ್ತಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು.

“ಸರ್, ಹಿಂದೆ ಸ್ವಲ್ಪ ಲೂಸ್ ಬಿಡ್ಲಾ?”

“ಬಿಡಮ್ಮಾ,” ಎಂದರು. ತಪ್ಪು ತಮ್ಮದೇ ಆಗಿದ್ದರಿಂದ ಬೇಡವೆನ್ನುವಂತಿರಲಿಲ್ಲ.

ಎಡಭಾಗ ಮುಗಿಯುತ್ತಲೇ ಮೇಷ್ಟ್ರು ಬಟ್ಟೆ ಕೊಡವಿದರು. “ಇವತ್ತಿಗೆ ಇಷ್ಟೇ ಸರ್. ಮುಂದಿನ ವಾರ ಟ್ರಯಲ್‌ಗೆ ಬನ್ನಿ. ಸರಿಹೋದ್ರೆ ಬಲಗಡೆ ಕತ್ತರಿಸೋಣ.”

ಮನೆಯಲ್ಲಿ ಹೆಂಡತಿ ಬಾಗಿಲು ತೆರೆದವಳೇ ದಂಗಾದಳು. “ಇದೇನ್ರೀ, ಅರ್ಧ ತಲೆ?”

“ಇನ್ನರ್ಧ ಟ್ರಯಲ್ ಆದ್ಮೇಲೆ ಕಣೇ.”

ಅವಳು ಸುತ್ತು ಹಾಕಿ ನೋಡಿದಳು. “ಫಿಟಿಂಗ್ ಮಾತ್ರ ಚೆನ್ನಾಗಿದೆ. ನಮ್ಮಣ್ಣನ್ನೂ ಕಳಿಸೋಣ.”

ಮರುದಿನ ಕಚೇರಿಯಲ್ಲಿ ಅವರು ಮೇಷ್ಟ್ರ ವರ್ಗಾವಣೆಗೆ ಸಹಿ ಹಾಕಲು ಪೆನ್ನೆತ್ತಿದರು. ಕತ್ತರಿಸದ ಬಲಗಡೆಯ ಕೂದಲು ಜಾರಿ ಕಣ್ಣ ಮೇಲೆ ಬಿತ್ತು. ನಿಟ್ಟುಸಿರಿಟ್ಟು, ಮೇಷ್ಟ್ರು ಅಲ್ಲೇ ಮುಂದುವರಿಯಲಿ ಎಂದು ಬರೆದರು.