ಚುಕ್ಕೆಯ ಬಟ್ಟಲು

ನಾನು ಸ್ಟೀಲಿನ ಒಂದು ಬಟ್ಟಲು. ಹುಟ್ಟುವಾಗ ನಾನು ಒಂಟಿಯಾಗಿರಲಿಲ್ಲ. ಒಂದೇ ತಗಡಿನಿಂದ, ಒಂದೇ ಅಚ್ಚಿನಡಿಯಿಂದ ನಾವು ಆರು ಜನ ಅಕ್ಕತಂಗಿಯರು ಬಂದೆವು. ನಮ್ಮಲ್ಲಿ ಯಾರು ಹಿರಿಯಳು ಎಂದು ನಮಗೇ ಗೊತ್ತಿರಲಿಲ್ಲ.

ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ಒಬ್ಬ ತಾಯಿ ಮಗಳ ಮದುವೆಗೆಂದು ನಮ್ಮನ್ನು ಕೊಂಡಳು. ಅಂಗಡಿಯವನು ಝುಂಯ್ ಎನ್ನುವ ಸೂಜಿಯಿಂದ ನಮ್ಮ ಮೈಮೇಲೆ ಹೆಸರು ಕೆತ್ತತೊಡಗಿದ.

"ಆಳವಾಗಿ ಹಾಕಪ್ಪ. ಹೋದ ಮನೇಲಿ ಕಳ್ದೋಗಬಾರದು," ಅಂದಳು ತಾಯಿ.

"ಬಟ್ಟಲಾ ಅಮ್ಮ, ಹುಡುಗೀನಾ?" ಎಂದು ಅವನು ನಕ್ಕ. ತಾಯಿ ನಗಲಿಲ್ಲ.

'ರುದ್ರಾಣಿ' ಎಂಬ ಹೆಸರು ಹೊತ್ತು ನಾವು ಅರಸೀಕೆರೆಯ ಮನೆ ಸೇರಿದೆವು. ಅಲ್ಲಿ ರುದ್ರಾಣಿಯ ಅತ್ತೆ ಬಸಮ್ಮಣ್ಣಿ, ಗಂಡ ಷಡಕ್ಷರಿ, ಮೈದುನ, ಮೈದುನನ ಹೆಂಡತಿ ಶೈಲಜ ಇದ್ದರು. ಆ ವರ್ಷಗಳು ಚೆನ್ನಾಗಿದ್ದವು. ಇವತ್ತು ಪಾಯಸ, ನಾಳೆ ಮಜ್ಜಿಗೆ. ಇವತ್ತು ಅತ್ತೆಯ ಕೈ, ನಾಳೆ ಮೈದುನನ ಕೈ. ನಾವು ಯಾರ ಬಟ್ಟಲೂ ಆಗಿರಲಿಲ್ಲ, ಎಲ್ಲರ ಬಟ್ಟಲುಗಳಾಗಿದ್ದೆವು.

ಆಮೇಲೆ ರುದ್ರಾಣಿಯ ಮೊಣಕೈಯಲ್ಲಿ ಕೆಂಪಗೆ ಒಂದು ಮಚ್ಚೆ ಎದ್ದಿತು. ಅದರ ಮೇಲೆ ಬಿಳಿ ಹೊಟ್ಟು. ಮೊಣಕಾಲಿಗೂ ಬೆನ್ನಿಗೂ ಅದು ಹಬ್ಬಿತು. ಅವಳು ಎದ್ದು ಹೋದ ಚಾಪೆಯನ್ನು ಶೈಲಜ ತುದಿಬೆರಳಲ್ಲಿ ಎತ್ತಿ ಕೊಡವತೊಡಗಿದಳು. ಒಂದು ಬೆಳಿಗ್ಗೆ ಬಸಮ್ಮಣ್ಣಿಯವರು ಕಪಾಟಿನಿಂದ ಕೈಗೆ ಸಿಕ್ಕ ಬಟ್ಟಲನ್ನು ತೆಗೆದರು. ಸಿಕ್ಕಿದವಳು ನಾನು.

"ನಿನ್ನ ಉಗುರುಬಣ್ಣ ಕೊಡೇ, ಶೈಲ."

ನನ್ನ ತಳದಲ್ಲಿ ಒಂದು ಕೆಂಪು ಚುಕ್ಕೆ ಬಿತ್ತು. ಅಂದಿನಿಂದ ನನ್ನ ಜಾಗ ಹಿತ್ತಿಲ ಕಿಟಕಿಯ ಕಟ್ಟೆ. ರುದ್ರಾಣಿ ಉಣ್ಣುವುದೂ ಅಲ್ಲೇ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು. ಮಲಗುವುದು ಹಿತ್ತಿಲ ಕೋಣೆಯಲ್ಲಿ. ಅವಳು ಅಡುಗೆಮನೆಗೆ ಕಾಲಿಡುವಂತಿರಲಿಲ್ಲ.

ಬೆಳಿಗ್ಗೆ ನನ್ನಲ್ಲಿ ಬೇವಿನಸೊಪ್ಪಿನ ಅರೆಪು, ಮಧ್ಯಾಹ್ನ ಪಥ್ಯದ ಅನ್ನ, ಸಂಜೆ ಕೊಬ್ಬರಿ ಎಣ್ಣೆ. ಉಪ್ಪಿಲ್ಲ, ಹುಳಿಯಿಲ್ಲ, ಬದನೆಕಾಯಿ ಇಲ್ಲ, ಕಡಲೆಕಾಯಿ ಇಲ್ಲ. ಅತ್ತೆ ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದರು. ಆದರೆ ಎತ್ತರದಿಂದ. ಸೌಟು ನನ್ನ ಅಂಚಿಗೆ ತಾಗಿದರೆ ಟಣ್ ಎಂದು ಒಂದು ಸದ್ದಾಗುತ್ತದೆ, ಆ ಸದ್ದಿಗಾಗಿ ನಾನು ಕಾಯುತ್ತಿದ್ದೆ. ಅದು ಬರುತ್ತಿರಲಿಲ್ಲ.

ಕೊನೆಗೆ ಷಡಕ್ಷರಿ ಅವಳನ್ನು ಹಾಸನದ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದ. ಹಿಂದಿರುಗಿದಾಗ ಬಸಮ್ಮಣ್ಣಿಯವರು, "ಏನಂದ್ರಪ್ಪ?" ಎಂದು ಕೇಳಿದರು.

"ಸೋರಿಯಾಸಿಸ್ ಅಂತೆ. ಮುಲಾಮು ಹಚ್ಚಬೇಕಂತೆ," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದ.

ಸಂಜೆ ಹಿತ್ತಿಲಲ್ಲಿ ಕೈಕಾಲು ತೊಳೆಯಲು ಬಂದವನಿಗೆ ರುದ್ರಾಣಿ ಮೆಲ್ಲಗೆ ಹೇಳಿದಳು. "ಇದು ಅಂಟಲ್ಲ ಅಂದ್ರಲ್ಲ ಡಾಕ್ಟ್ರು. ಅದನ್ನೂ ಹೇಳಬಹುದಿತ್ತು ನೀವು."

"ಹೇಳಿದ್ರೆ ಅಮ್ಮ ನಂಬ್ತಾಳಾ? ಸುಮ್ನೆ ರಂಪ. ವಾಸಿಯಾಗ್ಲಿ, ಆಮೇಲೆ ನೋಡಣ."

ಅವಳು ಒಗೆಯುವ ಕಲ್ಲಿನ ಮೇಲೆ ಕೂತಳು. ನನ್ನಲ್ಲಿದ್ದ ಎಣ್ಣೆಯಲ್ಲಿ ಬೆರಳದ್ದಿ, ಕೈಗೆಟಕದ ಬೆನ್ನಿಗೆ ತಾನೇ ಹಚ್ಚಿಕೊಳ್ಳಲು ನೋಡಿದಳು. ನಡುಬೆನ್ನು ಹಾಗೇ ಉಳಿಯಿತು.

ಆದರೂ ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಪಥ್ಯವೆಂದು ಮೈ ಸೊರಗಿಸಬೇಡಿ, ಸೊಪ್ಪು, ಕಾಳು, ಹಣ್ಣು ಚೆನ್ನಾಗಿ ತಿನ್ನಿ, ಚರ್ಮ ಒಣಗಲು ಬಿಡಬೇಡಿ ಎಂದಿದ್ದರಂತೆ. ಸ್ನಾನದ ನೀರೊಲೆಯ ಮೇಲೆ ಹಿತ್ತಿಲ ದಂಟಿನಸೊಪ್ಪು, ಹೆಸರುಕಾಳು ಬೇಯಿಸಿ ನನ್ನ ತಳದಲ್ಲಿಟ್ಟು, ಅದರ ಮೇಲೆ ಅತ್ತೆಯ ಸಪ್ಪೆ ಅನ್ನ ಹಾಕಿಸಿಕೊಳ್ಳುತ್ತಿದ್ದಳು. ಕೆಳಗೆ ಏನಿದೆ ಎಂಬುದು ನಮ್ಮಿಬ್ಬರಿಗೇ ಗೊತ್ತು. ಎಳೆಬಿಸಿಲಲ್ಲಿ ಕೂರುತ್ತಿದ್ದಳು. ಒದ್ದೆ ಮೈ ಆರುವ ಮೊದಲೇ ಮುಲಾಮು, ಎಣ್ಣೆ ಹಚ್ಚುತ್ತಿದ್ದಳು. ಕೆಂಪು ಮಾಸಿತು, ಹೊಟ್ಟು ನಿಂತಿತು. ನಡುಬೆನ್ನಿನಲ್ಲಿ ಮಾತ್ರ ಅಂಗೈಯಗಲ ಉಳಿಯಿತು. ಚುಕ್ಕೆ ನನ್ನ ತಳದಲ್ಲೂ ಉಳಿಯಿತು.

ಒಂದು ದಿನ ಎಲ್ಲರೂ ಮದುವೆಮನೆಗೆ ಹೋಗಿದ್ದಾಗ ಅವಳು ನನ್ನನ್ನು ಬೂದಿ, ತೆಂಗಿನ ನಾರು ಹಾಕಿ ಉಜ್ಜಿದಳು. ಉಜ್ಜಿದಳು, ಉಜ್ಜಿದಳು. ಚುಕ್ಕೆ ಹೋಯಿತು. ಕುದಿಯುವ ನೀರಲ್ಲಿ ಅದ್ದಿ, ಸೆರಗಿನಲ್ಲಿ ಒರೆಸಿ, ಎಷ್ಟೋ ಕಾಲದ ಮೇಲೆ ಅಡುಗೆಮನೆಗೆ ನಡೆದು ನನ್ನನ್ನು ಅಕ್ಕತಂಗಿಯರ ನಡುವೆ ಇಟ್ಟಳು.

ಮರುದಿನ ತನ್ನ ಊಟಕ್ಕೆ ಮುತ್ತುಗದೆಲೆ ಹಿಡಿದು ನಿಂತಳು. "ಇದ್ರಲ್ಲೇ ಹಾಕಿ ಅತ್ತೆ." ಬಟ್ಟಲೇನಾಯಿತು ಎಂದು ಯಾರೂ ಕೇಳಲಿಲ್ಲ.

ನಾನು ಮತ್ತೆ ಎಲ್ಲರ ಕೈಗೆ ಹೋದೆ. ಜ್ವರ ಬಂದಾಗ ಬಸಮ್ಮಣ್ಣಿಯವರು ಗಂಜಿ ಕುಡಿದದ್ದು ನನ್ನಲ್ಲೇ. ಅವರ ತುಟಿ ನನ್ನ ಅಂಚಿಗೆ ತಾಗಿದಾಗ ರುದ್ರಾಣಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿದ್ದುದು ಗೆಲುವೂ ಅಲ್ಲ, ಭಯವೂ ಅಲ್ಲ. ಎಷ್ಟೋ ದಿನದಿಂದ ಹಸಿದವರು ಬೇರೆಯವರ ಊಟ ನೋಡುವ ಹಾಗಿತ್ತು.

ನೆಂಟರು ಬಂದ ದಿನ ಶೈಲಜ ಬಟ್ಟಲು ಜೋಡಿಸುತ್ತ ನಿಂತುಬಿಟ್ಟಳು. "ಆರೂ ಇಲ್ಲೇ ಇದಾವಲ್ಲ. ಅಕ್ಕಾ, ಚುಕ್ಕೆ ಬಟ್ಟಲೆಲ್ಲಿ?"

ನೆಂಟರು ಹೋಗುವವರೆಗೂ ತಡೆದಿದ್ದ ಬಸಮ್ಮಣ್ಣಿಯವರು ನಮ್ಮನ್ನೆಲ್ಲ ಬೋರಲು ಹಾಕಿ ನೋಡಿದರು. ಒಂದನ್ನು ಮೂಸಿಯೂ ನೋಡಿದರು.

"ಯಾವುದೇ ಅದು? ಹೇಳು."

"ನಂಗೂ ಗೊತ್ತಾಗಲ್ಲ, ಅತ್ತೆ. ಎಲ್ಲದರ ಮೇಲೂ ನನ್ನ ಹೆಸರೇ ಇದೆ." ರುದ್ರಾಣಿ ಹಿತ್ತಿಲ ಬಾಗಿಲಲ್ಲಿ ನಿಂತೇ ಹೇಳಿದಳು. "ನೀವು ಗಂಜಿ ಕುಡಿದಿದ್ದೂ ಅದ್ರಲ್ಲೇ ಇರಬಹುದು. ಏನಾದ್ರೂ ಆಯ್ತಾ? ಡಾಕ್ಟ್ರು ಏನಂದ್ರು ಅಂತ ನಿಮ್ಮ ಮಗನನ್ನೇ ಕೇಳಿ."

ಎಲ್ಲರೂ ಷಡಕ್ಷರಿಯ ಕಡೆ ತಿರುಗಿದರು. ಒಂದೇ ಒಂದು ಮಾತು ಸಾಕಿತ್ತು. ಅವನು ತಟ್ಟೆಯ ಅನ್ನದಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ, "ಈಗ್ಯಾಕೆ ಅದೆಲ್ಲ," ಅಂದ.

ಬಸಮ್ಮಣ್ಣಿಯವರು ತಮ್ಮ ಮೊಣಕೈಗಳನ್ನು ತಿರುವಿ ತಿರುವಿ ನೋಡಿಕೊಂಡರು. ಅಲ್ಲಿ ಏನೂ ಇರಲಿಲ್ಲ. ಆದರೂ ಎದ್ದು ಹೋಗಿ ಸೋಪು ಹಾಕಿ ತೊಳೆದುಕೊಂಡರು.

ಸಂಜೆ ಮನೆಗೆ ಹೊಸ ಪಿಂಗಾಣಿ ಬಟ್ಟಲುಗಳು ಬಂದವು. ನಮ್ಮನ್ನು, ಆರು ಜನರನ್ನೂ, ಅತ್ತೆ ಹಿತ್ತಿಲ ಕೋಣೆಗೆ ತಂದು ರುದ್ರಾಣಿಯ ಮುಂದೆ ಇಟ್ಟು, "ನಿನ್ನವೇ, ಇಟ್ಕೋ," ಅಂದರು. ನನಗೆ ನನ್ನವರು ಸಿಕ್ಕರು. ಅವಳಿಗೆ ಒಂದರ ಬದಲು ಆರು ಬಟ್ಟಲು ಸಿಕ್ಕವು.

ಈಗ ನನಗೆ ವಯಸ್ಸಾಗಿದೆ. ಅಂಚು ನೆಗ್ಗಿದೆ, ಹೆಸರು ಸವೆದು 'ಣಿ' ಮಾತ್ರ ಕಾಣುತ್ತದೆ. ರುದ್ರಾಣಿ ಆ ಕೋಣೆಯಲ್ಲೇ ತನ್ನ ಸೊಪ್ಪುಸಾರು ಬೇಯಿಸಿಕೊಳ್ಳುತ್ತಾಳೆ. ಮಚ್ಚೆ ಬರುತ್ತದೆ, ಹೋಗುತ್ತದೆ. ಷಡಕ್ಷರಿ ಮುಲಾಮು ತಂದು ಹೊಸ್ತಿಲ ಮೇಲಿಟ್ಟು, "ಹೆಂಗಿದೀಯ?" ಅಂದು, ಉತ್ತರಕ್ಕೆ ಕಾಯದೆ ಹೋಗುತ್ತಾನೆ. ನಮ್ಮಲ್ಲಿ ಒಬ್ಬಳಿಗೆ ಮಾತ್ರ ದಿನವೂ ಕೆಲಸ.

ಮೊನ್ನೆ ಹಾಸನದ ಆಸ್ಪತ್ರೆಯ ಬೆಂಚಿನಲ್ಲಿ ಪರಿಚಯವಾದ ಮೆಹರುನ್ನಿಸಾ ಬಂದಿದ್ದಳು. ಅವಳಿಗೂ ಇದೇ ಕಾಯಿಲೆ. ಊಟದ ಹೊತ್ತಿಗೆ ರುದ್ರಾಣಿ, ತನ್ನ ಬಟ್ಟಲಲ್ಲಿ ಇವಳು ಉಣ್ಣುವಳೋ ಇಲ್ಲವೋ ಎಂದು ಗಾಬರಿಯಾಗಿ ಎಲೆ ಹುಡುಕತೊಡಗಿದಳು. ಮೆಹರುನ್ನಿಸಾ ಹಲಗೆಯಿಂದ ನನ್ನನ್ನೇ ಇಳಿಸಿ, ತಿರುವಿ ತಳ ನೋಡಿದಳು.

"ನಿಮ್ಮನೇಲಿ ಗುರುತು ಹಾಕಿಲ್ವಾ ಅಕ್ಕ? ನಂದಕ್ಕೆ ದಾರ ಕಟ್ಟಿದಾರೆ."

ರುದ್ರಾಣಿ ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಸೊಪ್ಪುಸಾರು ಬಡಿಸಿದಳು. ಸೌಟು ನನ್ನ ಅಂಚಿಗೆ ತಾಗಿ ಟಣ್ ಎಂದಿತು. ಊಟವಾದ ಮೇಲೆ ಮೆಹರುನ್ನಿಸಾ ಅವಳನ್ನು ತಿರುಗಿಸಿ ಕೂರಿಸಿ, ಕೈಗೆಟಕದ ನಡುಬೆನ್ನಿಗೆ ಎಣ್ಣೆ ಹಚ್ಚಿದಳು. 

ಗೆಳತಿ ಹೋದ ಮೇಲೆ ರುದ್ರಾಣಿ ಎಂಜಲಾದ ಎರಡು ಬಟ್ಟಲು ತೊಳೆದಳು. ಮತ್ತೆ ಎದ್ದು, ಧೂಳು ಹಿಡಿದಿದ್ದ ಉಳಿದ ನಾಲ್ಕನ್ನೂ ಇಳಿಸಿ, ತೊಳೆದು, ಇನ್ನೂ ಯಾರಾದರೂ ಬರಬಹುದು ಎಂಬಂತೆ ಬಾಗಿಲಿಗೆ ಎದುರಾಗಿ ಜೋಡಿಸಿಟ್ಟಳು.