ಟೂರಿನ ನಾಲ್ಕು ದಿನದ ಹಾಜರಿ

ಎಲ್ಲಿಂದ ಶುರು ಮಾಡಲಿ? ಲಾಡ್ಜಿನ ಮೆಟ್ಟಿಲಿನಿಂದ ಶುರು ಮಾಡಿದರೆ ನೀವು ಅವಳಿಗೆ ‘ಪಾಪ’ ಅನ್ನುತ್ತೀರಿ. ಅದನ್ನು ಕೇಳಿ ಕೇಳಿ ಅವಳ ಕಿವಿ ತೂತಾಗಿದೆ. ಆ ಡ್ರಾಫ್ಟ್ ಹರಿದೆ. ಬಾಗಿಲಿನಿಂದ ಶುರು ಮಾಡೋಣ.

೧
ಕಾಲೇಜಿನ ದೂರು ಸಮಿತಿಯ ಬಾಗಿಲು. ಹೊರಗೆ ಬೆಂಚಿನ ಮೇಲೆ ಅವಳು, ಎಂ.ಎಸ್ಸಿ. ಕೊನೆಯ ವರ್ಷ. ಪಕ್ಕದಲ್ಲಿ ಅವಳ ಅಮ್ಮ, ಟೈಲರ್. ಅವಸರಕ್ಕೆ ಅಳತೆಯ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಬಂದವರು. ಮಗಳ ಕೈಯಲ್ಲಿದ್ದ ಪತ್ರದಲ್ಲಿ ಎರಡೇ ಸಾಲು: ಸ್ಟಡಿ ಟೂರಿನಲ್ಲಿ ಮೇಷ್ಟ್ರು ಲಾಡ್ಜಿನ ಮೆಟ್ಟಿಲ ಮೇಲೆ ಅಡ್ಡಗಟ್ಟಿ ಮೈಮೇಲೆ ಕೈಹಾಕಿದರು. ಬೇಡ ಎಂದೆ, ಬಿಡಲಿಲ್ಲ.

(ಮೂರನೆಯ ಸಾಲು ಸೇರಿಸಲು ನನ್ನ ಪೆನ್ನು ತುಡಿಯಿತು. ಕಥೆಗಾರ್ತಿಯ ಚಟ. ಕ್ಯಾಪು ಹಾಕಿದೆ.)

೨
ಇಲ್ಲಿ ಅವಳು ಅಳಬೇಕಿತ್ತು. ಡೈರಿಯಲ್ಲಿ ಹಾಗೇ ಬರೆದುಕೊಂಡಿದ್ದೆ.

“ಅಳೋದಿದ್ರೆ ನೀನೇ ಅಳು ತಾಯಿ,” ಎಂದಳು ನನಗೆ. “ನಂಗೆ ಒಳಗೆ ಕೆಲಸ ಇದೆ.”

ಎದ್ದು ಹೋದಳು.

೩
“ನೋಡಮ್ಮಾ, ಲಾಡ್ಜು ಕ್ಯಾಂಪಸ್ಸಿಂದ ಹೊರಗೆ,” ಎಂದರು ಅಧ್ಯಕ್ಷೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. “ಗೇಟಿನಾಚೆ ಆಗಿದ್ದಕ್ಕೆ ನಾವೇನು ಮಾಡೋಕಾಗುತ್ತೆ? ಪೊಲೀಸರಿದ್ದಾರಲ್ಲ.”

“ಅಲ್ಲಿಗೆ ಹೋಗೋದು ಬೇರೆ ಮಾತು ಮೇಡಂ. ಪಾಠ ಮಾಡೋಕೆ ಅವರು ಬರೋದು ಇಲ್ಲಿಗೇ ಅಲ್ವಾ?”

ಅಧ್ಯಕ್ಷೆ ಫೈಲಿಗೆ ದಾರ ಕಟ್ಟತೊಡಗಿದರು.

ಅಂತ್ಯ ಅ: ಅವಳು ಸುಮ್ಮನೆ ಎದ್ದು ಬರುತ್ತಾಳೆ. ನೀವು ತಕ್ಷಣ ನಂಬುತ್ತೀರಿ. ನಂಬುತ್ತೀರಿ ಅನ್ನುವ ಕಾರಣಕ್ಕೇ ಹೊಡೆದುಹಾಕಿದೆ.

೩, ಮತ್ತೆ
“ಮೇಡಂ, ಹಾಜರಿ ಪುಸ್ತಕ ತರಿಸ್ತೀರಾ?”

ಗುಮಾಸ್ತರು ತಂದರು. ಟೂರಿನ ನಾಲ್ಕು ದಿನವೂ ಅವಳು ಹಾಜರು. ಸಹಿ ಅದೇ ಮೇಷ್ಟ್ರದು. ದಿನಾ ಬೆಳಿಗ್ಗೆ ಲಾಡ್ಜಿನ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಹೆಸರು ಕೂಗುತ್ತಿದ್ದರು. ತಪ್ಪಿಸಿಕೊಂಡವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಬೆದರಿಕೆ ಬೇರೆ.

“ನಾನು ಕಾಲೇಜಿಂದ ಹೊರಗಿದ್ದೆ ಅಂತಾದ್ರೆ ನಾಲ್ಕು ದಿನ ಗೈರುಹಾಜರಿ ಹಾಕಿ. ನಂಗೊಬ್ಬಳಿಗಲ್ಲ, ಮೂವತ್ತೊಂದು ಜನಕ್ಕೂ. ಮೇಷ್ಟ್ರಿಗೆ ರಜಾ ಹಾಕಿ. ಇಲ್ಲಾಂದ್ರೆ ನಾವೆಲ್ಲ ಕಾಲೇಜಲ್ಲೇ ಇದ್ವಿ.”

(ಈ ಮಾತು ನಾನು ಬರೆದದ್ದಲ್ಲ. ನಾನೊಂದು ಭಾಷಣ ಸಿದ್ಧಮಾಡಿಟ್ಟಿದ್ದೆ. ಅದರಲ್ಲಿ ನ್ಯಾಯದೇವತೆ ಕೂಡ ಇದ್ದಳು. ನಾಚಿಕೆಗೇಡು. ಅಂದಹಾಗೆ, ಆ ಮೂವತ್ತೊಂದರಲ್ಲಿ ನಾನೂ ಒಬ್ಬಳು. ಮೊದಲೇ ಹೇಳಬೇಕಿತ್ತು. ಸಂಕೋಚ.)

ಗುಮಾಸ್ತರು ಕೆಮ್ಮಿದರು. “ಮೇಷ್ಟ್ರು ನಾಲ್ಕು ದಿನವೂ ಆನ್ ಡ್ಯೂಟಿ, ಮೇಡಂ.”

ಅಧ್ಯಕ್ಷೆ ಕಟ್ಟಿದ ದಾರವನ್ನು ತಾವೇ ಬಿಚ್ಚಿದರು. ದೂರಿಗೆ ನಂಬರು ಬಿತ್ತು, ಮುದ್ರೆಯೂ ಬಿತ್ತು.

೪
“ತಗೊಂಡ್ರೇನೇ?” ಅಮ್ಮ ಬೆಂಚಿನಿಂದ ಎದ್ದರು.

“ತಗೊಳ್ಳದೆ ಏನ್ಮಾಡ್ತಾರೆ?”

ಅಮ್ಮ ಮಗಳನ್ನು ಭುಜದಿಂದ ಪಾದದವರೆಗೆ ನೋಡಿದರು. “ನಿನ್ನ ಅಳತೆ ಹೊಸದಾಗಿ ತಗೋಬೇಕು ಕಣೇ. ಎತ್ತರ ಆಗಿದ್ದೀಯಾ.”

(ಸ್ವಲ್ಪ ಜಾಸ್ತಿಯಾಯಿತೇ? ಆಗಲಿ. ಈ ಸಾಲನ್ನು ಮಾತ್ರ ಹೊಡೆಯುವುದಿಲ್ಲ.)

೫
ಅಂತ್ಯ ಆ: ಕೆಲಸ ಹೋಗಿ ಮೇಷ್ಟ್ರು ಮನೆಗೆ. ಅಂತ್ಯ ಇ: ಒಂದು ಕ್ಷಮಾಪಣೆ ಪತ್ರ, ಮಾರನೆಯ ದಿನ ಅದೇ ಮೇಷ್ಟ್ರು, ಅದೇ ಪಾಠ.

“ಯಾವುದು ಹಾಕಲಿ?” ಅವಳನ್ನೇ ಕೇಳಿದೆ.

“ವಿಚಾರಣೆ ಇರೋದು ಸೋಮವಾರ. ಈಗಲೇ ತೀರ್ಪು ಬರೆಯೋಕೆ ನೀನ್ಯಾರೇ? ಮೆಟ್ಟಿಲ ಕೆಳಗೇ ನಿಂತಿದ್ಯಲ್ಲ, ನೋಡಿದ್ದನ್ನ ಬಂದು ಹೇಳು. ಕಥೆ ಆಮೇಲೆ.”

ತರಗತಿಯಲ್ಲಿ ಹಾಜರಿಗೆ ಹೆಸರು ಕೂಗಿದರೂ ನನಗೆ ದನಿ ಹೊರಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಇವಳೇ ನನ್ನ ಪರವಾಗಿ ಕೂಗುತ್ತಿದ್ದಳು.

ಎರಡು ಅಂತ್ಯಗಳನ್ನೂ ಹೊಡೆದೆ. ಡೈರಿಯಲ್ಲಿ ಸೋಮವಾರದ ಪುಟ ತೆರೆದು ಒಂದೇ ಪದ ಬರೆದಿದ್ದೇನೆ: ಹಾಜರು. ಜೋರಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ.